ಇವತ್ತು ಗಂಟಲಲ್ಲಿ ಇಳಿದದ್ದು

೯ ಜೂನ್ ೨೦೦೩, ಸೋಮವಾರ

ಜನವರಿಯಲ್ಲಿ ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಇದು. ಐದು ತಿಂಗಳು ಬೀರುವಿನ ಮೇಲೆ ಧೂಳು ತಿನ್ನುತ್ತಾ ಮಲಗಿತ್ತು. ಇವತ್ತು ಕೆಳಗಿಳಿಸಿದೆ. ಮೈಸೂರಿನ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮೇಡಂ, "ದಿನಾ ಗಂಟಲಲ್ಲಿ ಏನೇನು ಇಳೀತು ಅಂತ ಬರೆದಿಟ್ಕೊಳ್ಳಿ. ನನಗೆ ತೋರಿಸಬೇಕಾಗಿಲ್ಲ, ನಿಮಗೇ ಒಂದು ಅಂದಾಜು ಸಿಗುತ್ತೆ" ಅಂದರು. ಹಾಗಾಗಿ ಬರೆಯುತ್ತಿದ್ದೇನೆ.

ಇವತ್ತು ಗಂಟಲಲ್ಲಿ ಇಳಿದದ್ದು: ಗಂಜಿ ಎರಡು ಲೋಟ, ಮಜ್ಜಿಗೆ ಒಂದು ಲೋಟ, ಹಾಲಿನಲ್ಲಿ ನೆನೆಸಿ ಕಲಸಿದ ಬಿಸ್ಕತ್ತು ಎರಡು. ಇಳಿಯದೆ ವಾಪಸು ಬಂದದ್ದು: ಬಾಳೆಹಣ್ಣು.

ಬರೆದಾಯಿತು. ಪುಟ ಇನ್ನೂ ಮುಕ್ಕಾಲು ಖಾಲಿ ಇದೆ. ಖಾಲಿ ಜಾಗ ನೋಡಿದರೆ ನನಗೆ ಆಗುವುದಿಲ್ಲ. ನಂಜನಗೂಡು ಡಿಪೋದಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಕಂಡಕ್ಟರ್ ಆಗಿರುವವನು ನಾನು. ನಂಜನಗೂಡಿಂದ ತಿ. ನರಸೀಪುರ, ಅಲ್ಲಿಂದ ಮೂಗೂರು, ವಾಪಸು. ಬಸ್ಸಲ್ಲಿ ತೊಂಬತ್ತು ಜನ ನಿಂತಿದ್ದಾಗಲೂ ಒಳಗಡೆ ಬೇಕಾದಷ್ಟು ಜಾಗ ಇದೆ ಎಂದು ಕೂಗಿದವನು. ಈಗ ನನ್ನ ಗಂಟಲೇ ಫುಟ್‌ಬೋರ್ಡಿನ ಹತ್ತಿರ ಜಾಮ್ ಆಗಿ ಕೂತಿದೆ. ಒಳಗೆ ಹೊಟ್ಟೆ ಖಾಲಿ ಹೊಡೆಯುತ್ತಿದೆ, ಯಾರೂ ಮುಂದಕ್ಕೆ ಹೋಗುತ್ತಿಲ್ಲ.

ಇದು ಶುರುವಾದದ್ದು ಮಗಳು ಭಾನುಪ್ರಿಯಾಳ ಮದುವೆಯ ಬೀಗರ ಊಟದಲ್ಲಿ, ಫೆಬ್ರವರಿಯಲ್ಲಿ, ಮೂಗೂರಿನಲ್ಲಿ. ನಾನು ಮುದ್ದೆಗೆ ಹೆಸರಾದವನು. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ನುಂಗುವುದು. ಎಷ್ಟು ದೊಡ್ಡ ತುತ್ತನ್ನು ಎಷ್ಟು ಸಲೀಸಾಗಿ ನುಂಗುತ್ತಾನೆ ಎನ್ನುವುದರ ಮೇಲೆ ಗಂಡಸಿನ ಮರ್ಯಾದೆ. ಡಿಪೋದಲ್ಲಿ ಏಳು ಮುದ್ದೆಯ ಮರಿಯಯ್ಯ ಅಂದರೆ ನಾನೇ. ಹೊಸ ಬೀಗರು ಚೆಲುವಯ್ಯನವರೂ ಅದರಲ್ಲಿ ಕಮ್ಮಿಯವರಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿದರು. ಸುತ್ತ ಜನ. ಮೂರನೆಯ ಮುದ್ದೆಗೆ ನನ್ನ ಎದೆಯ ನಡುವೆ ಏನೋ ಬಾಗಿಲು ಹಾಕಿಕೊಂಡ ಹಾಗಾಯಿತು. ಎದ್ದು ಹೋಗಿ ತೆಂಗಿನ ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ.

"ಯಾಕ್ ಬೀಗ್ರೇ, ಮೂರಕ್ಕೇ ಸೀಟಿ ಊದ್ಬುಟ್ರಲ್ಲ" ಎಂದರು ಚೆಲುವಯ್ಯ. ಅವರೂರಿನ ಜನ ಇಡೀ ಬೇಸಿಗೆ ನನ್ನ ಬಸ್ಸು ಹತ್ತಿದಾಗಲೆಲ್ಲ ಇದೇ ಮಾತು. ಮುದ್ದೆಯಲ್ಲಿ ಗಂಟಿತ್ತು ಎಂದು ನಾನು ಹೇಳಿಕೊಂಡು ತಿರುಗಿದೆ. ಗಂಟು ಮುದ್ದೆಯಲ್ಲಿರಲಿಲ್ಲ.

ಮೇ ತಿಂಗಳಲ್ಲಿ ಬಾಯಿಗೆ ಪೈಪು ಹಾಕಿ ಒಳಗೆ ನೋಡಿದರು. ಬಡಿಗೇರ ಡಾಕ್ಟರು ವಿಜಾಪುರದ ಕಡೆಯವರು. "ಇದು ಪುಪ್ಪುಸದಾಗ ಬರೂ ನಮೂನೀದು ಮರಿಯಯ್ಯನವರ. ಅನ್ನದ ಕೊಳವಿಯೊಳಗ ಬರೂದು ಭಾಳ ಅಪರೂಪ. ಕೊಳವಿ ಕ್ಯಾನ್ಸರ್ ಆದ ನೂರು ಮಂದಿಯೊಳಗ ಒಬ್ಬರಿಗೆ ಬಂದ್ರ ಬಂತು" ಅಂದರು. ಕ್ಯಾನ್ಸರ್ ಎಂದು ಕೇಳಿ ಹೆದರಿದ್ದು ನಿಜ. ಆದರೆ ನೂರಕ್ಕೆ ಒಬ್ಬ ಎಂದು ಕೇಳಿದ ಮೇಲೆ ಒಂಥರಾ ಎದೆ ಉಬ್ಬಿದ್ದೂ ನಿಜ. "ನಮ್ ತಾಲೂಕಲ್ಲಿ ಇನ್ಯಾರ್ಗಾರ ಬಂದದಾ ಸಾ?" ಎಂದು ಕೇಳಿದೆ. ನಾ ಅಂತೂ ನೋಡಿಲ್ಲ ಅಂದರು. ಡಿಪೋಗೆ ಹೋಗಿ ಎಲ್ಲರಿಗೂ ಹೇಳಿದೆ. ನನ್ನ ಡ್ರೈವರ್ ಶಿವಮೂರ್ತಿ ಕಣ್ಣು ಒರೆಸಿಕೊಂಡು, "ಕಾಯ್ಲೇಲೂ ಎಕ್ಸ್‌ಪ್ರೆಸ್ಸೇ ಹತ್ತ್ಬುಟ್ಟಲ್ಲ ಮರಿಯಣ್ಣ" ಅಂದ.

ಆರು ಸುತ್ತು ಕೀಮೋ. ಮೂರು ವಾರಕ್ಕೊಂದು ಸುತ್ತು, ಸುತ್ತಿಗೆ ಮೂರು ದಿನ. ಆಮೇಲೆ ಕರೆಂಟು ಕೊಡುವುದು, ಅಂದರೆ ರೇಡಿಯೇಶನ್. ಈ ಜಾತಿಯದು ಔಷಧಿಗೆ ಬೇಗ ಕರಗುತ್ತದಂತೆ, ಬೇಗ ವಾಪಸೂ ಬರುತ್ತದಂತೆ. ಡಾಕ್ಟರು ಎರಡನ್ನೂ ಒಂದೇ ಉಸಿರಲ್ಲಿ ಹೇಳಿದರು. ನಾನು ಮೊದಲನೆಯದನ್ನು ಮಾತ್ರ ಮನೆಗೆ ತಂದಿದ್ದೇನೆ.

ಇನ್ನೊಂದು ಸಲ ಮೂಗೂರಿನಲ್ಲಿ, ಅದೇ ಜಾಗದಲ್ಲಿ, ಚೆಲುವಯ್ಯನವರ ಎದುರು ಕೂತು ಮುದ್ದೆ ನುಂಗಬೇಕು. ಅಷ್ಟಾದರೆ ಸಾಕು.

೧೧ ಜೂನ್, ಬುಧವಾರ

ಆಸ್ಪತ್ರೆ. ಇಳಿದದ್ದು: ಎಳನೀರು, ಗಂಜಿ, ರವೆ ಪಾಯಸ ನಾಲ್ಕು ಚಮಚ. ಕೈಯೊಳಗೆ ಇಳಿದದ್ದು: ಆರು ಬಾಟಲಿ.

ಔಷಧಿ ಮೂತ್ರಪಿಂಡಕ್ಕೆ ಕೆಟ್ಟದ್ದಂತೆ, ಅದಕ್ಕೇ ನೀರು ಹತ್ತಿಸುತ್ತಲೇ ಇರುತ್ತಾರೆ. ಒಳಗೆ ಹೋದದ್ದಕ್ಕೆ ಈ ಡೈರಿ, ಹೊರಗೆ ಬಂದದ್ದಕ್ಕೆ ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಜಗ್ಗು. ನನ್ನ ಹೆಂಡತಿ ಚಿಕ್ಕಬಸಮ್ಮ ಆ ಜಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು ಗೆರೆ ನೋಡಿ ವಾರ್ಡಿಗೆಲ್ಲ ಕೇಳುವ ಹಾಗೆ ಓದುತ್ತಾಳೆ. ಪಕ್ಕದ ಮಂಚದ ಕಲ್ಲಯ್ಯನಿಗಿಂತ ನನ್ನದು ನೂರು ಎಂಎಲ್ ಜಾಸ್ತಿ. ಇವಳಿಗೆ ಅದೊಂದು ಹೆಮ್ಮೆ.

ಔಷಧಿಗೆ ಮುಂಚೆ ಒಂದು ಇಂಜೆಕ್ಷನ್ ಕೊಟ್ಟರು. ರೋಜಾ ಸಿಸ್ಟರ್ ಇವಳಿಗೆ, "ಇದು ಸ್ಟೀರಾಯ್ಡು ಕಣಮ್ಮ. ಮೂರು ದಿನ ತುಂಬಾ ಖುಷಿಯಾಗಿರ್ತಾರೆ, ಮಾತು ಜಾಸ್ತಿ ಆಗ್ಬೋದು" ಅಂದರು.

"ಇದುಕ್ಕೂ ಮುಂಚೆ ಕಮ್ಮಿ ಇತ್ತಾ?" ಅಂದಳು ಇವಳು.

ನಿಜವಾಗಿಯೂ ಖುಷಿಯಾಗುತ್ತಿದೆ. ಹಿಡಿದುಕೊಳ್ಳಲಾಗದಷ್ಟು ಖುಷಿ. ಸಲೈನ್ ಸ್ಟ್ಯಾಂಡು ತಳ್ಳಿಕೊಂಡು ವಾರ್ಡಿನ ಉದ್ದಕ್ಕೂ ಓಡಾಡಿ, "ನರಸೀಪುರ, ನರಸೀಪುರ, ಯಾರ್ರೀ ನರಸೀಪುರ" ಎಂದು ಕೂಗಿದೆ. ನಾಲ್ಕು ಜನ ಕೈ ಎತ್ತಿದರು. ಒಬ್ಬ ಮುದುಕ ನಿಜವಾಗಿಯೇ ಎದ್ದು ಕೂತು ಚೀಲ ಹುಡುಕಿದ. ಪಾಪ ಅನಿಸಿತು.

ಇವಳು ನಂಜಪ್ಪನಿಗೆ ಹರಕೆ ಹೊತ್ತಿದ್ದಾಳೆ. ಆ ಸ್ವಾಮಿಗೂ ವಿಷ ನಿಂತದ್ದು ಗಂಟಲಲ್ಲೇ ಅಲ್ಲವೇ? ಅವನಿಗೂ ನನಗೂ ಒಂದೇ ಸ್ಟಾಪು ಎಂದೆ. ತಮಾಷೆಗೆ ನಗಲಿಲ್ಲ. ಮಗ್ಗುಲು ತಿರುಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಸ್ಪತ್ರೆಯ ಫ್ಯಾನಿನ ಗಾಳಿ ಇವಳಿಗೆ ಆಗುವುದಿಲ್ಲ.

೧೪ ಜೂನ್, ಶನಿವಾರ

ಮನೆ. ಬಿಕ್ಕಳಿಕೆ. ನಿನ್ನೆ ಮಧ್ಯಾಹ್ನ ಶುರುವಾದದ್ದು ಇನ್ನೂ ನಿಂತಿಲ್ಲ. ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅಂದಳು ಇವಳು. ಸರಿ, ಯಾರೆಂದು ಒಬ್ಬೊಬ್ಬರದೇ ಹೆಸರು ಹೇಳುತ್ತಾ ಹೋದೆವು. ಸರಿಯಾದ ಹೆಸರು ಬಂದರೆ ನಿಲ್ಲಬೇಕು. ತಗಡೂರಿನ ಸೋದರತ್ತೆ, ನಿಲ್ಲಲಿಲ್ಲ. ಡಿಪೋ ಮ್ಯಾನೇಜರು, ನಿಲ್ಲಲಿಲ್ಲ. ತೊಂಬತ್ತೊಂದರಲ್ಲಿ ನಾನು ಬಸ್ಸಿಂದ ಇಳಿಸಿದ ಮೇಕೆಯ ಮಾಲೀಕ, ನಿಲ್ಲಲಿಲ್ಲ. ಇವಳು ಸ್ವಲ್ಪ ತಡೆದು, "ಸರಸ್ವತಿ ಟೀಚರ್ರು" ಅಂದಳು. ಇಪ್ಪತ್ತು ವರ್ಷದ ಹಿಂದೆ ದಿನಾ ಮೊದಲ ಸೀಟಿನಲ್ಲಿ ಕೂರುತ್ತಿದ್ದವರು. ಟಕ್ಕನೆ ನಿಂತುಬಿಟ್ಟಿತು. ನಾನು ಬೆವೆತುಹೋದೆ. ದೇವರ ದಯೆ, ಅರ್ಧ ನಿಮಿಷಕ್ಕೆ ಮತ್ತೆ ಶುರುವಾಯಿತು.

ಇಳಿದದ್ದು: ಬಿಕ್ಕಳಿಕೆಗಳ ನಡುವೆ ಗಂಜಿ ಒಂದು ಲೋಟ. ಇವಳೂ ಅದೇ ಗಂಜಿ ಕುಡಿದಳು. ಇಬ್ಬರಿಗೆ ಎರಡು ಅಡುಗೆ ಯಾಕೆ ಅಂತಾಳೆ. ಸೋಮಾರಿಯಾಗಿದ್ದಾಳೆ.

೧೯ ಜೂನ್, ಗುರುವಾರ

ಏನೂ ಇಳಿಯಲಿಲ್ಲ. ಬಾಯೆಲ್ಲ ಕಬ್ಬಿಣ. ಸೀಟಿಯನ್ನು ಬಾಯಲ್ಲೇ ಮರೆತ ಹಾಗೆ. ಖುಷಿಯ ಇಂಜೆಕ್ಷನ್ನಿನ ಜೋರು ಇಳಿದಿದೆ. ಸಾಯುತ್ತೇನೆ ಅನಿಸಿತು.

೨೭ ಜೂನ್, ಶುಕ್ರವಾರ

ಇಡ್ಲಿ ಇಳಿಯಿತು.

ಮತ್ತೆ ಬರೆಯುತ್ತೇನೆ, ಇಡ್ಲಿ ಇಳಿಯಿತು. ಕಿವುಚಿದ್ದಲ್ಲ, ಹಾಲಿನಲ್ಲಿ ನೆನೆಸಿದ್ದಲ್ಲ. ಇಡ್ಲಿ, ಚಟ್ನಿ. ಮೊದಲ ತುತ್ತು ಎದೆಯ ನಡುವೆ ಬಂದು ನಿಂತಿತು. ನಾನು ಉಸಿರು ಬಿಗಿಹಿಡಿದು ಕೂತೆ. ಇವಳು ಚಟ್ನಿಯ ಸೌಟು ಹಿಡಿದು ನಿಂತೇ ಇದ್ದಳು. ಆಮೇಲೆ ಅದು ಜಾಗ ಮಾಡಿಕೊಂಡು ಮೆಲ್ಲಗೆ ಮುಂದಕ್ಕೆ ಹೋಯಿತು. "ರೈಟ್" ಎಂದೆ. ಎರಡನೆಯದು, ರೈಟ್. ಮೂರನೆಯದಕ್ಕೆ ಇವಳೇ "ರೈಟ್" ಅಂದಳು.

ಬೀದಿಗೆ ಓಡಿಹೋಗಿ ಪಕ್ಕದ ಮನೆಯ ಸಣ್ಣತಾಯಮ್ಮನಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಯಾರದೋ ಮನೆ ಹುಡುಕಿಕೊಂಡು ಬಂದಿದ್ದ ಅಪರಿಚಿತನಿಗೂ ಹೇಳಿದೆ. ಅವನು, "ಒಳ್ಳೇದಾಯ್ತು ಬುಡಿ ಸಾ" ಎಂದು ಕೈ ಮುಗಿದ. ವಾಪಸು ಬಂದು ತಲೆ ಬಾಚಿಕೊಂಡೆ, ಅರ್ಧ ಕೂದಲು ಬಾಚಣಿಗೆಯಲ್ಲೇ ಬಂತು. ಹೋಗಲಿ. ಇಡ್ಲಿ ಇಳಿಯಿತು, ಕೂದಲು ಇಳಿಯಿತು, ಇವತ್ತು ಎಲ್ಲವೂ ಇಳಿಯುವ ದಿನ.

೪ ಜುಲೈ, ಶುಕ್ರವಾರ

ಎರಡನೇ ಸುತ್ತು ಮುಗಿಯಿತು. ಮೈಯೆಲ್ಲ ಖುಷಿ ಕುಣಿಯುತ್ತಿರುವಾಗಲೇ ಡಾಕ್ಟರನ್ನು ಹಿಡಿದು ಕೇಳಿದೆ, "ಮುದ್ದೆ ಉಣ್ಬೋದಾ ಸಾ?"

"ಮುದ್ದಿ ಮೆತ್ತಗ ಇರತೈತಲ್ಲಾ?"

"ಬೆಣ್ಣೆ ಅಂಗಿರ್ತದೆ ಸಾ."

"ಹಂಗಾರ ತಿನ್ರಿ, ಯಾಕ ಬ್ಯಾಡ. ಆದ್ರ ಮಂದಿಯೊಳಗ ತಿರಗಬ್ಯಾಡ್ರಿ, ನಿಮ್ಮ ರಕ್ತದಾಗಿನ ಬಿಳೀ ಕಣ ಕಡಿಮಿ ಆಗತಾವು."

ಮೊದಲನೆಯ ಮಾತನ್ನು ಮನೆಗೆ ತಂದೆ. ಮನೆಗೆ ಬಂದು ನೋಡಿದರೆ ರಾಗಿ ಹಿಟ್ಟಿನ ಡಬ್ಬ ಖಾಲಿ. ತಳದಲ್ಲಿ ಜೇಡ ಬಲೆ ಕಟ್ಟಿದೆ. ಮಿಲ್ಲಿಗೆ ಹೋಗುವುದು ಮರೆತೆ ಅಂದಳು. ಸೋಮಾರಿಯಾಗಿದ್ದಾಳೆ ಎಂದು ಆಗಲೇ ಬರೆದಿದ್ದೆನಲ್ಲ.

೧೫ ಜುಲೈ, ಮಂಗಳವಾರ

ಆಸ್ಪತ್ರೆ. ನಾಚಿಕೆ ಬಿಟ್ಟು ಬರೆಯುತ್ತೇನೆ.

ಭಾನುವಾರ ಇವಳು ಸೊಸೈಟಿಗೆ ಹೋದಾಗ ಮಂಗನ ಟೋಪಿ ಹಾಕಿಕೊಂಡು ನನ್ನದೇ ಬಸ್ಸು ಹತ್ತಿ ಮೂಗೂರಿಗೆ ಹೋದೆ. ಶಿವಮೂರ್ತಿ ಬೇಡ ಬೇಡ ಅಂದ. ಡಾಕ್ಟರೇ ಉಣ್ಣು ಅಂದವ್ರೆ ಕಣ್ಲಾ ಎಂದೆ. ಮಗಳು ಗಂಡನ ಜೊತೆ ಹೊಲಕ್ಕೆ ಹೋಗಿದ್ದಳು. ಚೆಲುವಯ್ಯನವರು ಮಧ್ಯಾಹ್ನದ ಊಟಕ್ಕೆ ಕೂರುತ್ತಿದ್ದರು. ಅವರ ಎದುರು ಕೂತು, ಹಾಕಿಸಿ ಮುದ್ದೆಯ ಎಂದೆ. ಅವರು ನನ್ನ ಬೋಳು ಹುಬ್ಬು ನೋಡಿ ಇನ್ನೊಂದು ತಟ್ಟೆ ತರಿಸಿದರು. ಅವರೆಕಾಳಿನ ಸಾರು, ಹಬೆ ಏಳುವ ಮುದ್ದೆ. ಐದು ತಿಂಗಳ ಆಸೆ. ಲಿಂಬೆ ಗಾತ್ರದ ತುತ್ತು ಮುರಿಯಬೇಕಾದವನು ಕಿತ್ತಳೆ ಗಾತ್ರಕ್ಕೆ ಮುರಿದು ನುಂಗಿದೆ.

ಅದು ಹೋಗಿ ಕೂತುಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನೀರು ಕುಡಿದರೆ ನೀರು ವಾಪಸು, ಎಂಜಲು ನುಂಗಿದರೆ ಎಂಜಲು ವಾಪಸು. ಉಸಿರಾಡುತ್ತಿದ್ದೆ, ಆದರೆ ಎದೆ ಸೀಳಿಹೋಗುವ ನೋವು. ಆಗ ಹೆದರಿದೆ. ಕ್ಯಾನ್ಸರ್ ಎಂದಾಗ ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ. ಇವಳಿಗೆ ಹೇಳದೆ ಬಂದಿದ್ದೆ.

ಚೆಲುವಯ್ಯನವರು ಎಂಜಲು ಕೈಯಲ್ಲೇ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ನರಸೀಪುರಕ್ಕೆ ಹೊಡೆದರು. ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸು ಹೊರಡುತ್ತಿತ್ತು. ಹತ್ತಿಸಿ, ಮೆಟ್ಟಿಲ ಮೇಲೆ ನಿಂತು, "ಇವ್ರು ನಮ್ ಬೀಗ್ರು. ಗಂಟ್ಲಲ್ಲಿ ಮುದ್ದೆ ನಿಂತದೆ. ಆಸ್ಪತ್ರೆಗಂಟ ಬಸ್ಸ ಎಲ್ಲೂ ನಿಲ್ಲಿಸ್ಬೇಡಿ" ಎಂದು ಕೂಗಿದರು. ಮುದ್ದೆ ಎಂದು ಹೇಳದೆಯೂ ಇರಬಹುದಿತ್ತು. ಆದರೆ ಯಾರೂ ನಗಲಿಲ್ಲ. ಗರ್ಗೇಶ್ವರಿಯಲ್ಲಿ ಇಳಿಯಬೇಕಾದವರು ಇಳಿಯಲಿಲ್ಲ. ವರುಣಾದ ಅಜ್ಜಿಯೊಬ್ಬಳು, "ನಾನು ವಾಪಸ್ ಬರ ಬಸ್ಸಲ್ಲಿ ಇಳ್ಕತೀನಿ, ಓಡ್ಸಪ್ಪ" ಎಂದು ತನ್ನ ತಾಂಬೂಲದ ಚೀಲದಿಂದ ಬಟ್ಟೆ ತೆಗೆದು ನನ್ನ ಬಾಯಿಗೆ ಕೊಟ್ಟಳು. ನಾನು ಇಪ್ಪತ್ತನಾಲ್ಕು ವರ್ಷ ಇಂಥ ಜನಗಳ ಮೇಲೆ ರೇಗಿದ್ದೇನೆ.

ಬಡಿಗೇರ ಡಾಕ್ಟರು ಪೈಪು ಹಾಕಿ ಮುದ್ದೆಯನ್ನು ಚೂರು ಚೂರಾಗಿ ತೆಗೆದರು. ಅಷ್ಟರಲ್ಲಿ ಸುದ್ದಿ ತಿಳಿದು ಇವಳೂ ಓಡಿ ಬಂದಿದ್ದಳು. ಆಮೇಲೆ ಡಾಕ್ಟರು ಬಂದು ಮಂಚದ ಪಕ್ಕ ನಿಂತರು.

"ಇಷ್ಟ ದೊಡ್ಡದು ಒಳಗ ಹೆಂಗ ಹೋತ್ರೀ? ಅಗಿಲಿಲ್ಲೇನು?"

"ಮುದ್ದೆಯ ಅಗಿತಾರಾ ಸಾ?"

"ಮತ್ತ?"

"ನುಂಗಾದು."

ಡಾಕ್ಟರು ಇವಳ ಕಡೆ ನೋಡಿದರು. ಇವಳು ಹೌದೆಂದು ತಲೆಯಾಡಿಸಿದಳು. ಚೆಲುವಯ್ಯನವರ ಕಡೆ ನೋಡಿದರು. ಅವರೂ ತಲೆಯಾಡಿಸಿದರು. ರೋಜಾ ಸಿಸ್ಟರ್ ಕಡೆ ನೋಡಿದರು. ಅವರು ಬನ್ನೂರಿನವರು, "ನುಂಗೋದೇ ಸಾರ್" ಅಂದರು. ಡಾಕ್ಟರು ಖುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ನಾವು ರೊಟ್ಟಿ ಮಂದಿರೀ. ನನಗ ಇದು ಯಾರೂ ಹೇಳಿಲ್ಲ. ಹದಿನೈದು ವರ್ಷ ಆತು ಈ ಊರಿಗೆ ಬಂದು." ಆಮೇಲೆ ಅವರೇ ನಗತೊಡಗಿದರು. "ನಿಮ್ಮ ಮುದ್ದಿ ತಗಿಲಿಕ್ಕ ಹೋಗಿ ಒಳಗ ನೋಡಿದ್ಯಾ. ಅರ್ಧಕ್ಕರ್ಧ ಕರಗೈತಿ. ಆದ್ರ ಕೊಳವಿ ಹಳೇದರಂಗ ಹಿಗ್ಗಂಗಿಲ್ಲ. ಇನ್ನ ಮ್ಯಾಲೆ ಏನ ತಿಂದ್ರೂ ಅಗದು ತಿನ್ನಬೇಕು. ಮುದ್ದೀನೂ."

ಅರ್ಧ ಕರಗಿದೆ! ಅದನ್ನು ಕೇಳಿ ವಾರ್ಡಿನವರೆಲ್ಲ ಹೋ ಅಂದರು. ನನಗೂ ಹಾರಿಹೋಗುವಷ್ಟು ಸಂತೋಷವಾಯಿತು. ಆದರೆ ಮುದ್ದೆ ಅಗಿಯುವುದು? ಹಲ್ಲು ಬಾರದ ಮಕ್ಕಳಿಗೂ ನಮ್ಮಲ್ಲಿ ನುಂಗಿಸುವುದನ್ನೇ ಕಲಿಸುತ್ತೇವೆ. ಅಗಿದು ತಿನ್ನುವವನನ್ನು ಕಂಡರೆ ಪಂಕ್ತಿಯೇ ನಗುತ್ತದೆ. ನಾನು ಆ ಕೆಲಸ ಮಾಡುವವನಲ್ಲ. ಮುದ್ದೆಯನ್ನೇ ಬಿಟ್ಟೇನು.

ಇವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೨೫ ಜುಲೈ, ಶುಕ್ರವಾರ

ಮೂರನೇ ಸುತ್ತು ಮುಗಿಯಿತು. ಖುಷಿಯೋ ಖುಷಿ. ಕಲ್ಲಯ್ಯನೂ ನಾನೂ ಜಗ್ಗಿನ ಗೆರೆಯ ಮೇಲೆ ಪಂಥ ಕಟ್ಟಿ ನಾನು ಗೆದ್ದೆ. ಇಳಿದದ್ದು: ಇಡ್ಲಿ ಎರಡು, ಉಪ್ಪಿಟ್ಟು, ಎಳನೀರು. ಇವಳು ಅರ್ಧ ಇಡ್ಲಿ ತಿಂದಳು. ಉಳಿದರ್ಧವನ್ನು ಎಲೆಯಲ್ಲಿ ಸುತ್ತಿಟ್ಟಳು, ನನಗೆ ಆಮೇಲೆ ಬೇಕಾಗಬಹುದಂತೆ.

೧೦ ಆಗಸ್ಟ್, ಭಾನುವಾರ

ಭಾನುಪ್ರಿಯಾ ಬಂದಿದ್ದಳು. ನನ್ನ ಬೋಳು ತಲೆಗೆ ಮುತ್ತು ಕೊಟ್ಟು ಅಡುಗೆ ಮನೆಗೆ ಹೋದವಳು ಹೊರಗೆ ಬರುವಾಗ ಮುಖ ಕೆಂಪಾಗಿತ್ತು.

"ಅಪ್ಪ, ಅವ್ವನ್ ರವಿಕೆ ನೋಡಿದ್ದೀಯಾ? ಎರಡೂ ಕಡೆ ಒಳಕ್ಕೆ ಹೊಲ್ಕಂಡವ್ಳೆ."

ನಾನು ನೋಡಿರಲಿಲ್ಲ.

"ಉಗಾದಿಯಿಂದ ಮುದ್ದೆ ಮುಟ್ಟಿಲ್ವಂತೆ. ನಿನ್ಗೇನೋ ಅದು ಇದು ಅಂತ ಇಡ್ಲಿಯಾರ ಮಾಡ್ತಾಳೆ. ತಾನು ನಿನ್ ಗಂಜಿ ಬಸ್ದ್ ಮೇಲೆ ಉಳುದುದ್ದ ಕುಡಿತಾಳೆ. ನಾಕ್ ತಿಂಗ್ಳಿಂದ."

ಇವಳನ್ನು ಕರೆದು ಗಟ್ಟಿಯಾಗಿ ಕೇಳಿದೆ. ಯಾಕೆ ಹೀಗೆ ಮಾಡುತ್ತೀಯ, ನನಗೆ ಕಾಯಿಲೆ ಬಂದರೆ ನೀನೂ ಉಪವಾಸ ಬೀಳಬೇಕೇ ಎಂದು ರೇಗಿದೆ. ಇವಳು ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಾ ಅಂದಳು:

"ನೀನು ಎದ್ರುಗೆ ಕುಂತು ನನ್ ಗಂಟ್ಲನ್ನೇ ನೋಡ್ತಿದ್ದೆ. ಒಂದ್ ದಿಸ ನೋಡ್ದೆ, ಎಲ್ಡ್ ದಿಸ ನೋಡ್ದೆ. ನೀನು ಅಂಗ್ ನೋಡುವಾಗ ನಾನೆಂಗ್ ನುಂಗ್ಲಿ?"

ಹಿಟ್ಟಿನ ಡಬ್ಬದ ಜೇಡರ ಬಲೆ ನೆನಪಾಯಿತು. ಇಂಥ ಹೆಂಗಸನ್ನು ನಾನು ಈ ಡೈರಿಯಲ್ಲಿ ಎರಡು ಸಲ ಸೋಮಾರಿ ಎಂದು ಬರೆದಿದ್ದೇನೆ. ಆ ಎರಡು ಸಾಲನ್ನೂ ಹೊಡೆದು ಹಾಕೋಣ ಎಂದು ಹುಡುಕಿದೆ. ಆಮೇಲೆ ಇರಲಿ ಎಂದು ಬಿಟ್ಟೆ.

೨೪ ಆಗಸ್ಟ್, ಭಾನುವಾರ

ನಾಲ್ಕನೇ ಸುತ್ತಾಗಿ ಹತ್ತು ದಿನ. ಕೈಕಾಲಿನ ಬೆರಳು ಜುಮ್ಮೆನ್ನುತ್ತಿವೆ. ಆದರೂ ಇವತ್ತು ಮಾಡಲೇಬೇಕೆಂದು ಹೊರಟೆ.

ಮಿಲ್ಲಿಂದ ರಾಗಿ ಹಿಟ್ಟು ತಂದೆ. ಇವಳನ್ನು ಸಣ್ಣತಾಯಮ್ಮನ ಮನೆಯಲ್ಲಿ ಕೂರಿಸಿ ಬಂದು ಒಲೆಯ ಮುಂದೆ ನಿಂತೆ. ಐವತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಮುದ್ದೆ ನುಂಗಿದ್ದೇನೋ, ಒಂದನ್ನೂ ಮಾಡಿರಲಿಲ್ಲ. ಎಸರು ಕುದಿಯಿತು, ಹಿಟ್ಟು ಸುರಿದೆ, ಕೋಲು ಹಾಕಿ ತಿರುವಿದೆ. ಕೋಲು ನಿಂತುಬಿಟ್ಟಿತು. ಪಾತ್ರೆಯನ್ನು ಎರಡು ಪಾದದ ನಡುವೆ ಇಟ್ಟುಕೊಂಡು ಎರಡು ಕೈಯಲ್ಲೂ ತಿರುವಿದರೆ ಪಾತ್ರೆಯೇ ಗಿರ್ರನೆ ತಿರುಗಿತು. ಮೂಗಿನ ಮೇಲೆ ಹಿಟ್ಟು, ಬೋಳು ತಲೆಯ ಮೇಲೆ ಹಿಟ್ಟು. ಕಿಟಕಿಯಲ್ಲಿ ಸಣ್ಣತಾಯಮ್ಮನೂ ಇವಳೂ ನಿಂತು ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದರು. ಇವಳು ನಕ್ಕದ್ದನ್ನು ನೋಡಿ ಎಷ್ಟು ತಿಂಗಳಾಗಿತ್ತು. ಇನ್ನಷ್ಟು ನಗಲಿ ಎಂದು ಬೇಕೆಂದೇ ಒಂದು ಸಲ ಕೋಲನ್ನು ಬೀಳಿಸಿದೆ.

ಮುದ್ದೆ ಆಯಿತು. ಉಂಡೆ ಅನ್ನುವುದಕ್ಕಿಂತ ಕಲ್ಲು ಅನ್ನಬಹುದು, ತುಂಬಾ ಗಂಟು. ತಟ್ಟೆಯಲ್ಲಿಟ್ಟು ಉಣ್ಣು ಎಂದೆ.

"ನೀನು ಉಣ್ಣೋಗಂಟ ನಾನು ಉಣ್ಣಕಿಲ್ಲ" ಅಂದಳು.

"ನನ್ಗೆ ನುಂಗಕಾಗಲ್ಲ ಅಂತ ಡಾಕ್ಟ್ರೇ ಹೇಳವ್ರಲ್ಲ."

"ಅಗುದು ಉಣ್ಣು ಅಂತ್ಲೂ ಹೇಳವ್ರೆ."

"ಮುದ್ದೆ ಅಗಿಯಾದು ಅಂದ್ರೆ ಏನ್ ಮಾತಾಡೀಯೆ? ನಾಕ್ ಜನ ಏನಂದಾರು?"

"ಸರಿ. ನಾಕ್ ಜನ ಉಣ್ಲಿ ಬುಡು."

ತಟ್ಟೆಯನ್ನು ಎತ್ತಿ ಬೀದಿಯ ದನಕ್ಕೆ ಹಾಕಿದಳು. ದನವೂ ಅದನ್ನು ಅಗಿದೇ ತಿಂದಿತು. ಇವಳ ಹಠ ನನಗೆ ಗೊತ್ತು. ನಾನು ಮುದ್ದೆ ತಿನ್ನದಿದ್ದರೆ ಇವಳು ಇನ್ನೂ ಎಷ್ಟು ರವಿಕೆ ಒಳಕ್ಕೆ ಹೊಲಿದುಕೊಳ್ಳುತ್ತಾಳೋ. ಸಿಟ್ಟು ಬಂದು ಇವತ್ತು ಇಳಿದದ್ದನ್ನು ಬರೆಯುವುದಿಲ್ಲ.

೨೬ ಸೆಪ್ಟೆಂಬರ್, ಶುಕ್ರವಾರ

ಆರನೇ ಸುತ್ತು ಮುಗಿಯಿತು. ಕೊನೆಯ ಬಾಟಲಿ ಖಾಲಿಯಾದಾಗ ಸೀಟಿ ಊದಿದೆ. ಅದನ್ನು ಜೇಬಲ್ಲೇ ಇಟ್ಟುಕೊಂಡು ಬಂದಿದ್ದೆ. ಪಕ್ಕದ ಮಂಚದಲ್ಲಿ ಈಗ ಬೇರೆ ಯಾರೋ ಇದ್ದಾರೆ. ಕಲ್ಲಯ್ಯ ಆಗಸ್ಟ್ ಕೊನೆಗೇ ಹೋದನಂತೆ, ಇವಳು ನನಗೆ ಹೇಳಿರಲಿಲ್ಲ. ಜಗ್ಗಿನ ಪಂಥದಲ್ಲಿ ಅವನನ್ನು ಒಂದು ಸಲವಾದರೂ ಗೆಲ್ಲಲು ಬಿಡಬಹುದಿತ್ತು.

೧೫ ಅಕ್ಟೋಬರ್, ಬುಧವಾರ

ಪೈಪು ಹಾಕಿ ನೋಡಿದರು. ಸಲೀಸಾಗಿ ಕೆಳಗಿನವರೆಗೆ ಹೋಯಿತಂತೆ. ಸ್ಕ್ಯಾನಿಂಗಿನಲ್ಲೂ ಏನಿಲ್ಲ. ಬಡಿಗೇರ ಡಾಕ್ಟರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, "ಹೋಗೇತಿ ಅನ್ನಂಗಿಲ್ಲ ಮರಿಯಯ್ಯನವರ. ಕಾಣವಲ್ದು ಅಂತೇನಿ" ಅಂದರು. ಕಾಣಿಸುತ್ತಿಲ್ಲ, ಅಷ್ಟೇ. ಮುಂದಿನ ತಿಂಗಳು ಕರೆಂಟು. ಆಮೇಲೆ ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಬರಬಹುದು, ಬರದೆಯೂ ಇರಬಹುದು.

ಈ ಸಲ ಎರಡು ಮಾತನ್ನೂ ಮನೆಗೆ ತಂದೆ. ಇವಳೂ ಕೇಳಿಸಿಕೊಂಡಳು. ಇಬ್ಬರೂ ಬಸ್ಸು ಹತ್ತಿದೆವು. ಬಸ್ಸು ಊರು ದಾಟಿದ ಮೇಲೆ ಇವಳು ಇದ್ದಕ್ಕಿದ್ದಂತೆ, "ಕಾಣವಲ್ದು" ಎಂದು ಡಾಕ್ಟರ ಹಾಗೇ ಹೇಳಿದಳು. ನಾನು, "ಕಾಣವಲ್ದು" ಎಂದೆ. ನಂಜನಗೂಡು ಬರುವವರೆಗೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಇವತ್ತು ನನಗೆ ಯಾವ ಇಂಜೆಕ್ಷನ್ನೂ ಕೊಟ್ಟಿರಲಿಲ್ಲ.

೧೯ ಅಕ್ಟೋಬರ್, ಭಾನುವಾರ

ಚೆಲುವಯ್ಯನವರು ಮೂಗೂರಿಗೆ ಊಟಕ್ಕೆ ಕರೆದಿದ್ದರು. ಶಿವಮೂರ್ತಿಯೂ ಬಂದಿದ್ದ. ಅದೇ ಅಂಗಳ, ಅದೇ ತೆಂಗಿನ ಮರ. ಗಂಡಸರು ಒಂದು ಇಪ್ಪತ್ತು ಜನ ಪಂಕ್ತಿಯಲ್ಲಿ ಕೂತರು. ನಾಟಿ ಕೋಳಿ ಸಾರು, ಮುದ್ದೆ. ನನ್ನ ಎಲೆಗೆ ಮಾತ್ರ ಭಾನುಪ್ರಿಯಾ ಮೆತ್ತನೆ ಅನ್ನ ತಂದಳು. ಎಲ್ಲರೂ ಎಲೆ ನೋಡುವವರ ಹಾಗೆ ನಟಿಸುತ್ತಾ ನನ್ನನ್ನು ನೋಡುತ್ತಿದ್ದರು. ಅಡುಗೆ ಮನೆಯ ಬಾಗಿಲಲ್ಲಿ ಇವಳು ಸಾರಿನ ಕೊಳದಪ್ಪಲೆ ಹಿಡಿದು ನಿಂತಿದ್ದಳು. ಮಣಿಕಟ್ಟಿನಲ್ಲಿ ಬಳೆಗಳು ಎಷ್ಟು ಸಡಿಲವಾಗಿದ್ದವು ಎಂದರೆ ಮೊಣಕೈವರೆಗೆ ಜಾರಿದ್ದವು.

ನನಗೆ ಒಂದು ಮುದ್ದೆ ಹಾಕವ್ವ ಎಂದೆ.

ಮಗಳು ಹಾಕಿದಳು. ಕಡಲೆಕಾಯಿ ಗಾತ್ರದ ಚೂರು ಮುರಿದೆ. ಸಾರಿನಲ್ಲಿ ಅದ್ದಿದೆ. ಬಾಯಿಗಿಟ್ಟು ಅಗಿದೆ. ಎಲ್ಲರಿಗೂ ಕಾಣುವ ಹಾಗೆ, ದವಡೆ ಆಡಿಸಿ, ಅಗಿದೆ. ಮುದ್ದೆ ಅಗಿದರೆ ಹಲ್ಲಿಗೆ, ಅಂಗುಳಿಗೆ, ಕೆನ್ನೆಯ ಒಳಗೆಲ್ಲ ಅಂಟಿಕೊಳ್ಳುತ್ತದೆ ಎಂದು ಈ ಐವತ್ತೆರಡು ವರ್ಷಕ್ಕೆ ಇವತ್ತು ಗೊತ್ತಾಯಿತು. ಮುಖ ಬೆಂಕಿಯಾಗಿತ್ತು. ಪಂಕ್ತಿಯ ಆ ತುದಿಯಲ್ಲಿ ಯಾರೋ ಕಿಸಕ್ಕೆಂದರು.

ಚೆಲುವಯ್ಯನವರು ಆ ಕಡೆ ಒಂದು ಸಲ ದುರುಗುಟ್ಟಿ ನೋಡಿದರು. ತಮ್ಮ ಎಲೆಯಿಂದ ಒಂದು ಚೂರು ಮುರಿದರು. ಬಾಯಿಗಿಟ್ಟುಕೊಂಡು, ನನ್ನನ್ನೇ ನೋಡುತ್ತಾ, ಅಗಿಯತೊಡಗಿದರು. ಶಿವಮೂರ್ತಿ ಅಗಿದ. ನನ್ನ ಅಳಿಯ ಅಗಿದ. ಆ ತುದಿಯಲ್ಲಿ ಕಿಸಕ್ಕೆಂದವನ ಬಾಯಿಯೂ ಆಡಿತು. ಇಪ್ಪತ್ತು ಜನ ಗಂಡಸರು ಸಾಲಾಗಿ ಕೂತು ದನಗಳ ಹಾಗೆ ಮುದ್ದೆ ಮೆಲುಕು ಹಾಕುವುದನ್ನು ಮೂಗೂರಿನಲ್ಲಿ ಈ ಮೊದಲು ಯಾರೂ ನೋಡಿರಲಾರರು. ಇದ್ದಕ್ಕಿದ್ದಂತೆ ಚೆಲುವಯ್ಯನವರ ದವಡೆ ನಿಂತಿತು. ಕಣ್ಣು ಅಗಲವಾಯಿತು. ಬೆರಳು ಬಾಯಿಗೆ ಹಾಕಿ ಮುದ್ದೆ ಎಳೆದರೆ ಮೇಲಿನ ಸಾಲು ಹಲ್ಲು ಪೂರ್ತಿ ಅದರ ಜೊತೆಗೇ ಬಂತು. ಕಟ್ಟಿಸಿದ ಹಲ್ಲು. ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

"ನಾನ್ಯಾಕ್ ನುಂಗ್ತಿದ್ದೆ ಅಂತ ಈಗ ಗೊತ್ತಾಯ್ತಾ ಬೀಗ್ರೇ?" ಅಂದರು, ಹಲ್ಲಿಲ್ಲದ ಬಾಯಲ್ಲಿ.

ಅಂಗಳವೇ ಬಿದ್ದು ನಕ್ಕಿತು. ನಾನು ನಗುತ್ತಲೇ ಅಗಿದೆ, ಅಗಿಯುತ್ತಲೇ ನುಂಗಿದೆ. ಅದು ಯಾವಾಗ ಕೆಳಗೆ ಹೋಯಿತೋ ಗಮನವೇ ಇರಲಿಲ್ಲ. ಆ ನಗುವಿನ ನಡುವೆ ಎದ್ದು, ಕೈ ತೊಳೆದು, ಅಡುಗೆ ಮನೆಯ ಬಾಗಿಲಿಗೆ ಹೋಗಿ ಇವಳ ಕೈಯಿಂದ ಕೊಳದಪ್ಪಲೆ ತೆಗೆದುಕೊಂಡೆ. ಹೆಂಗಸರ ಪಂಕ್ತಿ ಆಮೇಲೆ ಅಂದಳು. ಕೂರು ಎಂದೆ. ನನ್ನ ಎಲೆಯ ಪಕ್ಕದಲ್ಲೇ ಕೂರಿಸಿದೆ. ನಾನೇ ಮುದ್ದೆ ಹಾಕಿದೆ, ನಾನೇ ಸಾರು ಬಿಟ್ಟೆ. ಕೊಟ್ಟ ಮಾತಿಗೆ ತಪ್ಪುವವಳಲ್ಲ. ಮುರಿದಳು, ಅದ್ದಿದಳು, ನುಂಗಿದಳು.

ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಮೊದಲ ತುತ್ತು ಇಳಿಯುವುದು ಕಣ್ಣಿಗೆ ಕಂಡಿತು. ತಲೆ ಎತ್ತಿ ನನ್ನನ್ನು ನೋಡಿ ಎರಡನೆಯ ತುತ್ತು ಮುರಿದಳು. "ರೈಟ್" ಎಂದೆ, ಅವಳಿಗೆ ಮಾತ್ರ ಕೇಳುವ ಹಾಗೆ.

ಇವತ್ತು ಗಂಟಲಲ್ಲಿ ಇಳಿದದ್ದು: ಚಿಕ್ಕಬಸಮ್ಮನಿಗೆ ಮುದ್ದೆ ಎರಡೂವರೆ, ಅಗಿಯದೆ. ಕೋಳಿ ಸಾರು ಎರಡು ಸಲ. ಕೊನೆಗೆ ಮಜ್ಜಿಗೆ.

ಬೇರೇನೂ ಬರೆಯುವುದು ಉಳಿದಿಲ್ಲ ಅನಿಸುತ್ತದೆ.